ಟೆಂಟ್ ಹೊತ್ತು ಹೊರಡುವ ಸೈಕಲ್‌ಗೆ ಹ್ಯಾಂಡಲ್ ಬ್ಯಾಗ್ ಆರಿಸುವುದು ಹೇಗೆ?

ಸೈಕಲ್‌ನಲ್ಲಿ ಟೆಂಟ್ ಕಟ್ಟಿಕೊಂಡು ಎರಡು ಮೂರು ದಿನ ಸುತ್ತಬೇಕು ಅಂದುಕೊಂಡವರು ಹೆಚ್ಚಾಗಿ ಮೊದಲು ಬ್ಯಾಗ್ ಕೊಳ್ಳುತ್ತಾರೆ. ಆಮೇಲೆ ಟೆಂಟ್ ಕೊಳ್ಳುತ್ತಾರೆ. ಕೊನೆಗೆ ಒಂದರೊಳಗೆ ಇನ್ನೊಂದನ್ನು ತುರುಕಲು ಒದ್ದಾಡುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಮೊದಲು ಸಾಮಾನು, ಆಮೇಲೆ ಸೈಕಲ್ಲಿನ ಅಳತೆ, ಕೊನೆಗೆ ಬ್ಯಾಗ್.

ಆನ್‌ಲೈನ್‌ನಲ್ಲಿ ಬ್ಯಾಗ್ ಹುಡುಕಿದರೆ ದೊಡ್ಡಕ್ಷರದಲ್ಲಿ ಕಾಣುವುದು ಲೀಟರ್ ಲೆಕ್ಕ. 10 ಲೀಟರ್, 15 ಲೀಟರ್, 20 ಲೀಟರ್. ನನ್ನ ಪ್ರಕಾರ ಈ ಬ್ಯಾಗ್ ವಿಷಯದಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಅಂಕಿ ಅದು. ಹ್ಯಾಂಡಲ್‌ನ ಅಗಲ ಎಷ್ಟು, ಟೈರಿನ ಮೇಲೆ ಜಾಗ ಎಷ್ಟು, ಬ್ಯಾಗ್ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವ ಮೂರೇ ಮಾತು ಎಲ್ಲವನ್ನೂ ನಿರ್ಧರಿಸುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನವರೊಬ್ಬರು ಹಾಸನ, ಸಕಲೇಶಪುರ ದಾಟಿ ಬಿಸಿಲೆ ಘಾಟಿಯಲ್ಲಿ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಕಡೆ ಹೊರಟಿದ್ದಾರೆ. ಟಾರು ರಸ್ತೆ, ಕಿತ್ತುಹೋದ ರಸ್ತೆ, ಏರು, ಇಳಿಜಾರು, ಮಳೆ ಎಲ್ಲವೂ ಸಿಗುವ ದಾರಿ ಅದು. ಅಲ್ಲಿಗೆ ಹೊಂದುವ ಬ್ಯಾಗ್ ಬಹುಪಾಲು ಎಲ್ಲ ಕಡೆಗೂ ಹೊಂದುತ್ತದೆ.

ಮೊದಲ ಹೆಜ್ಜೆ: ಸಾಮಾನು ನೆಲಕ್ಕೆ ಹಾಕಿ

ಒಯ್ಯಬೇಕೆಂದಿರುವುದನ್ನೆಲ್ಲ ಮನೆಯ ಹಾಲ್‌ನಲ್ಲಿ ಹರಡಿ. ಈಗ ಅದನ್ನು ಎರಡು ಗುಂಪು ಮಾಡಿ. ಭಾರ ಕಡಿಮೆ, ಗಾತ್ರ ಜಾಸ್ತಿ ಇರುವುದು ಒಂದು ಕಡೆ. ಗಾತ್ರ ಕಡಿಮೆ, ಭಾರ ಜಾಸ್ತಿ ಇರುವುದು ಇನ್ನೊಂದು ಕಡೆ. ಹ್ಯಾಂಡಲ್‌ಗೆ ಹೋಗುವುದು ಮೊದಲ ಗುಂಪು ಮಾತ್ರ. ಮಲಗುವ ಚೀಲ, ಗಾಳಿ ತುಂಬುವ ಮ್ಯಾಟ್, ಟೆಂಟಿನ ಬಟ್ಟೆ, ರಾತ್ರಿ ಹಾಕುವ ಬಟ್ಟೆ. ಸ್ಟವ್, ಗ್ಯಾಸ್ ಡಬ್ಬಿ, ಅಕ್ಕಿ ಬೇಳೆ, ನೀರು, ಪಾನಾ ಸ್ಪ್ಯಾನರ್, ಪವರ್ ಬ್ಯಾಂಕ್ ಇವೆಲ್ಲ ಸೈಕಲ್ಲಿನ ತ್ರಿಕೋನದೊಳಗೆ ಕೂರುವ ಫ್ರೇಮ್ ಬ್ಯಾಗಿಗೋ ಹಿಂದಿನ ಕ್ಯಾರಿಯರ್‌ಗೋ ಹೋಗಬೇಕು.

ಕಾರಣ ಸರಳ. ಹ್ಯಾಂಡಲ್ ಮೇಲಿನ ಭಾರ ನೀವು ತಿರುಗಿಸಿದಾಗಲೆಲ್ಲ ನಿಮ್ಮ ಜೊತೆ ತಿರುಗುತ್ತದೆ. ನೇರ ಹೋಗುವಾಗ ಗೊತ್ತಾಗುವುದಿಲ್ಲ. ಏರಿನಲ್ಲಿ ನಿಧಾನಕ್ಕೆ ತುಳಿಯುವಾಗ ಮುಂದಿನ ಚಕ್ರ ತಾನಾಗಿಯೇ ಅತ್ತಿತ್ತ ಬೀಳಲು ನೋಡುತ್ತದೆ. ಎದ್ದು ನಿಂತು ತುಳಿದರಂತೂ ಬ್ಯಾಗ್ ಒಂದು ಕಡೆ, ನೀವು ಒಂದು ಕಡೆ. ಹೆಚ್ಚಿನ ಹ್ಯಾಂಡಲ್ ಬ್ಯಾಗ್‌ಗಳಿಗೆ ತಯಾರಕರು ಹೇಳುವ ಮಿತಿ 3ರಿಂದ 5 ಕೆಜಿ. ನಮ್ಮ ಗುಂಡಿ ಬಿದ್ದ ರಸ್ತೆಗಳಿಗೆ 3 ಕೆಜಿಯನ್ನೇ ಮಿತಿ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಅಂದಾಜು ಬೇಡ.

ಇನ್ನೊಂದು ಮಾತು. ಕರಾವಳಿಯಲ್ಲಿ ಮಲಗುವವರಿಗೆ ದಪ್ಪನೆಯ ಮಲಗುವ ಚೀಲ ಬೇಕಾಗಿಲ್ಲ, ಹತ್ತಿಯ ಒಂದು ಹೊದಿಕೆ ಸಾಕು. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು, ಕೊಡಗಿನ ಬೆಟ್ಟದ ಕಡೆ ಹೋಗುವವರಿಗೆ ಬೇಕು. ಮುಂದಿನ ಬ್ಯಾಗಿನ ಅರ್ಧ ಜಾಗ ತಿನ್ನುವುದು ಈ ಒಂದೇ ಸಾಮಾನು. ಹಾಗಾಗಿ ಎಲ್ಲಿಗೆ, ಯಾವ ತಿಂಗಳು ಅನ್ನುವುದು ಬ್ಯಾಗಿನ ಗಾತ್ರಕ್ಕೆ ನೇರ ಸಂಬಂಧಪಟ್ಟ ವಿಷಯ.

ಎರಡನೆಯ ಹೆಜ್ಜೆ: ಟೇಪ್ ಹಿಡಿದು ಸೈಕಲ್ ಅಳೆಯಿರಿ

ಇದನ್ನು ತಪ್ಪಿಸಬೇಡಿ. ಮೂರು ಅಳತೆ ಬೇಕು.

ಅಗಲ. ನೇರ ಹ್ಯಾಂಡಲ್ ಇರುವ ಎಂಟಿಬಿ (ಮೌಂಟನ್ ಬೈಕ್) ಅಥವಾ ಹೈಬ್ರಿಡ್ ಸೈಕಲ್ ಆದರೆ ಎಡಗಡೆಯ ಬ್ರೇಕ್ ಲಿವರ್‌ನಿಂದ ಬಲಗಡೆಯ ಬ್ರೇಕ್ ಲಿವರ್‌ವರೆಗೆ ಒಳಗಿನ ಜಾಗ ಅಳೆಯಿರಿ. ಚೀಲ ಲಿವರ್‌ಗಳಿಗಿಂತ ಕೆಳಗೆ ನೇತಾಡುವುದಾದರೆ ಸ್ವಲ್ಪ ಆಚೆ ಚಾಚಿದರೂ ನಡೆಯುತ್ತದೆ. ಬೆರಳಿಗೆ, ಗೇರ್ ಬದಲಿಸುವ ಗುಂಡಿಗೆ ತಾಕಬಾರದು ಅಷ್ಟೆ.

ಡ್ರಾಪ್ ಹ್ಯಾಂಡಲ್, ಅಂದರೆ ಕೆಳಗೆ ಬಾಗಿದ ಕೊಂಬಿನ ರೋಡ್ ಬೈಕ್ ಅಥವಾ ಗ್ರಾವೆಲ್ ಬೈಕ್ ಆದರೆ ಕಥೆ ಬೇರೆ. 42 ಸೆಂ.ಮೀ. ಅಂತ ಬರೆದಿರುವ ಹ್ಯಾಂಡಲ್‌ನಲ್ಲಿ ಎರಡು ಲಿವರ್‌ಗಳ ನಡುವೆ ನಿಜಕ್ಕೂ ಸಿಗುವ ಜಾಗ ಅದಕ್ಕಿಂತ ಕೆಲವು ಸೆಂಟಿಮೀಟರ್ ಕಡಿಮೆ. ಅದರಲ್ಲೂ ಶಿಮಾನೊ ಕಂಪನಿಯ ಕೇಬಲ್ ಗೇರ್ ಇದ್ದರೆ ಬ್ರೇಕ್ ಲಿವರೇ ಒಳಗಡೆಗೆ ವಾಲುತ್ತದೆ, ಹಾಗೆ ವಾಲಿದರೇನೇ ಗೇರ್ ಬೀಳುವುದು. ಬ್ಯಾಗ್ ಅಡ್ಡ ನಿಂತರೆ ಗೇರ್ ಬದಲಾಗುವುದಿಲ್ಲ. ಸ್ರ್ಯಾಮ್ ಕಂಪನಿಯ ಗೇರಿನಲ್ಲಿ ಲಿವರಿನ ಹಿಂದಿನ ಚಿಕ್ಕ ಪಟ್ಟಿ ಮಾತ್ರ ಒಳಗೆ ಸರಿಯುವುದರಿಂದ ತೊಂದರೆ ಕಡಿಮೆ. ಯಾವುದೇ ಇರಲಿ, ಲಿವರನ್ನು ಪೂರ್ತಿ ಒಳಕ್ಕೆ ಒತ್ತಿ ಹಿಡಿದು ಆಮೇಲೆ ಅಳೆಯಿರಿ.

ಎತ್ತರ. ಹ್ಯಾಂಡಲ್‌ನ ಕೆಳಭಾಗದಿಂದ ಟೈರಿನ ಮೇಲ್ಭಾಗಕ್ಕೆ ಎಷ್ಟಿದೆ? ಮಡ್‌ಗಾರ್ಡ್ ಇದ್ದರೆ ಅದರ ಮೇಲಿನಿಂದ. ಫೋರ್ಕ್‌ನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿಯುವ ಕವೆಯಲ್ಲಿ, ಸಸ್ಪೆನ್ಷನ್ ಇದ್ದರೆ ಅದು ಒತ್ತಿಕೊಳ್ಳುವಷ್ಟನ್ನು ಕಳೆಯಬೇಕು. 100 ಮಿ.ಮೀ. ಫೋರ್ಕ್ ಅಂದರೆ 10 ಸೆಂ.ಮೀ. ಪೂರ್ತಿ ಹೋಯಿತು. ಅದರ ಮೇಲೆ ಇನ್ನೂ 5 ಸೆಂ.ಮೀ. ಉಳಿಸಿ, ಯಾಕೆಂದರೆ ಬ್ಯಾಗ್ ಜೋಲುತ್ತದೆ. ಉಳಿದದ್ದೇ ನಿಮ್ಮ ಬ್ಯಾಗಿನ ದಪ್ಪ. ಚಿಕ್ಕ ಫ್ರೇಮಿಗೆ 29 ಇಂಚಿನ ಚಕ್ರ ಇರುವ ಸೈಕಲ್‌ಗಳಲ್ಲಿ ಈ ಲೆಕ್ಕ ಹಾಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಎತ್ತರ ಕಡಿಮೆ ಇರುವ ಸವಾರರು ಇದನ್ನು ಜಾಸ್ತಿ ಗಮನಿಸಬೇಕು. ಇಳಿಜಾರಿನಲ್ಲಿ ಬ್ಯಾಗ್ ಮುಂದಿನ ಟೈರಿಗೆ ಸಿಕ್ಕಿಕೊಂಡರೆ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಇದು ಪ್ರಾಣಕ್ಕೆ ಸಂಬಂಧಪಟ್ಟ ಮಾತು.

ಮೂರನೆಯದು ಅಳತೆ ಅನ್ನುವುದಕ್ಕಿಂತ ನೋಟ. ಬ್ರೇಕ್ ವೈರು, ಗೇರ್ ಕೇಬಲ್‌ಗಳು ಹ್ಯಾಂಡಲ್‌ನ ಮುಂದೆ ಹೇಗೆ ಬಾಗಿವೆ ನೋಡಿ. ಹೈಬ್ರಿಡ್‌ಗಳಲ್ಲಿ ಇವು ಉದ್ದಕ್ಕೆ ಮುಂದೆ ಚಾಚಿಕೊಂಡು ಬಂದಿರುತ್ತವೆ. ಅವುಗಳ ಮೇಲೆ ಬ್ಯಾಗ್ ಬಿಗಿದರೆ ಕೇಬಲ್ ಮಡಿಚಿಕೊಂಡು ಗೇರ್ ತಾನಾಗಿ ಜಾರುತ್ತದೆ. ನಮ್ಮ ಹಳೆಯ ಕರಿ ಸೈಕಲ್‌ಗಳಲ್ಲಿ ವೈರ್ ಬದಲು ಹ್ಯಾಂಡಲ್ ಕೆಳಗೆ ಕಬ್ಬಿಣದ ಸರಳುಗಳ ಬ್ರೇಕ್ ಇರುತ್ತದೆ, ಅಲ್ವಾ? ಅಂಥ ಸೈಕಲ್‌ಗೆ ಹ್ಯಾಂಡಲ್ ಬ್ಯಾಗಿನ ಆಸೆ ಬಿಟ್ಟುಬಿಡಿ. ಹಿಂದಿನ ಕ್ಯಾರಿಯರ್ ಬೇಕಾದಷ್ಟು ಗಟ್ಟಿ ಇದೆ, ಎಲ್ಲವನ್ನೂ ಅಲ್ಲೇ ಕಟ್ಟಿ.

ದುಡ್ಡು ಕೊಡುವ ಮೊದಲು ಬೆಡ್‌ಶೀಟ್ ಕಟ್ಟಿ ನೋಡಿ

ಈಗ ಲೀಟರಿಗೆ ಬರೋಣ. ಕೊಳವೆಯಾಕಾರದ ಚೀಲ 18 ಸೆಂ.ಮೀ. ದಪ್ಪ, 55 ಸೆಂ.ಮೀ. ಉದ್ದ ಇದ್ದರೆ ಸುಮಾರು 14 ಲೀಟರ್. ನೇರ ಹ್ಯಾಂಡಲ್‌ಗೆ ಇದು ಆರಾಮವಾಗಿ ಕೂರುತ್ತದೆ. ಅದೇ ದಪ್ಪದಲ್ಲಿ ಡ್ರಾಪ್ ಹ್ಯಾಂಡಲ್‌ನ ನಡುವೆ ಹಿಡಿಸುವ 36 ಸೆಂ.ಮೀ. ಉದ್ದಕ್ಕೆ ಬರುವುದು 9 ಲೀಟರ್ ಮಾತ್ರ. ಅಂದರೆ '15 ಲೀಟರ್' ಬ್ಯಾಗಿಗೆ ದುಡ್ಡು ಕೊಟ್ಟರೂ ಡ್ರಾಪ್ ಹ್ಯಾಂಡಲ್‌ನವರಿಗೆ ಸಿಗುವುದು 9 ಲೀಟರೇ. ಉಳಿದದ್ದು ಸುತ್ತಿ ಮಡಚಿದ ಬಟ್ಟೆ.

ಕಾಗದದ ಲೆಕ್ಕ ಸಾಕಾಗದಿದ್ದರೆ ಹೀಗೆ ಮಾಡಿ. ಒಂದೆರಡು ಬೆಡ್‌ಶೀಟ್ ಸೇರಿಸಿ ನಿಮಗೆ ಬೇಕಾದ ದಪ್ಪಕ್ಕೆ, ಉದ್ದಕ್ಕೆ ಬಿಗಿಯಾಗಿ ಸುತ್ತಿ. ಪ್ಲಾಸ್ಟಿಕ್ ಕವರಿಗೆ ಹಾಕಿ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಅದರಿಂದ ಹ್ಯಾಂಡಲ್‌ಗೆ ಕಟ್ಟಿ. ಮನೆ ಸುತ್ತ ಒಂದು ಸುತ್ತು ಹೊಡೆಯಿರಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ಬೆರಳು ತಾಕುತ್ತದೆಯೇ, ಮೊಣಕಾಲು ತಾಕುತ್ತದೆಯೇ, ರೋಡ್ ಹಂಪ್ ಮೇಲೆ ಚಕ್ರಕ್ಕೆ ಬಡಿಯುತ್ತದೆಯೇ ಎಲ್ಲ ಗೊತ್ತಾಗುತ್ತದೆ. ಖರ್ಚು ಸೊನ್ನೆ.

ಇಲ್ಲೇ ಟೆಂಟಿನ ಕಂಬಗಳನ್ನೂ ನೋಡಿಬಿಡಿ. ಸಾಮಾನ್ಯ ಟೆಂಟ್‌ಗಳ ಕಂಬ ಮಡಚಿದ ಮೇಲೂ 40–50 ಸೆಂ.ಮೀ. ಇರುತ್ತದೆ. ನೇರ ಹ್ಯಾಂಡಲ್‌ಗೆ ಪರವಾಗಿಲ್ಲ. ಡ್ರಾಪ್ ಹ್ಯಾಂಡಲ್‌ನಲ್ಲಿ ಹಿಡಿಸುವುದೇ ಇಲ್ಲ. ಬಿಗ್ ಆಗ್ನೆಸ್‌ನಂಥ ಕೆಲವು ಕಂಪನಿಗಳು ಸೈಕಲ್‌ಗೆಂದೇ ಸುಮಾರು 30 ಸೆಂ.ಮೀ.ಗೆ ಮಡಚುವ ಕಂಬದ ಟೆಂಟ್ ಮಾಡುತ್ತವೆ, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕಂಬಗಳನ್ನು ಬೇರೆ ಮಾಡಿ ಫ್ರೇಮಿನ ಮೇಲಿನ ಟ್ಯೂಬಿಗೆ ಕಟ್ಟಿದರೆ ಆಯಿತು. ಬಟ್ಟೆ ಮಾತ್ರ ಮುಂದಿನ ಬ್ಯಾಗಿಗೆ. ಮಡಿಕೆ ಮಡಿಕೆಯಾಗಿ ಮಡಚುವ ಫೋಮ್ ಮ್ಯಾಟ್ ಕೂಡ ಹೀಗೆಯೇ. ತೂಕ ಅರ್ಧ ಕೆಜಿಯೂ ಇಲ್ಲ, ಆದರೆ ಅಗಲ 51 ಸೆಂ.ಮೀ. ಡ್ರಾಪ್ ಹ್ಯಾಂಡಲ್‌ನವರು ಅದನ್ನು ಹಿಂದೆ ಕಟ್ಟಬೇಕು.

ಯಾವ ಬಗೆ?

ಮಾರುಕಟ್ಟೆಯಲ್ಲಿ ಹತ್ತಾರು ಹೆಸರಿವೆ. ಕ್ಯಾಂಪಿಂಗ್‌ಗೆ ಸಂಬಂಧಪಟ್ಟಂತೆ ನಾಲ್ಕೇ ಬಗೆ.

ಪೆಟ್ಟಿಗೆಯಂಥ ಬ್ಯಾಗ್. ಮೇಲೆ ಮುಚ್ಚಳ, ಒಂದು ಕೈಯಲ್ಲಿ ತೆರೆಯಬಹುದು, ಹ್ಯಾಂಡಲ್‌ಗೆ ಕ್ಲಿಪ್ ಇರುತ್ತದೆ. ಜರ್ಮನಿಯ ಆರ್ಟ್‌ಲೀಬ್ ಮಾಡುವ ಅಲ್ಟಿಮೇಟ್ ಈ ಬಗೆಯದು. ಕ್ಯಾಮೆರಾ, ಪರ್ಸು, ಚಕ್ಕುಲಿ ಕೋಡುಬಳೆಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಹೋಟೆಲಿನ ಮುಂದೆ ಸೈಕಲ್ ನಿಲ್ಲಿಸಿ ಬ್ಯಾಗ್ ಮಾತ್ರ ಕಿತ್ತುಕೊಂಡು ಒಳಗೆ ಹೋಗಬಹುದು. ಆದರೆ ಮಲಗುವ ಚೀಲ, ಮ್ಯಾಟ್ ಇದರಲ್ಲಿ ಹಿಡಿಸುವುದಿಲ್ಲ. ಕ್ಯಾರಿಯರಿನ ಪಕ್ಕಗಳಿಗೆ ನೇತುಹಾಕುವ ಪ್ಯಾನಿಯರ್ ಚೀಲ ಹಾಕಿಕೊಂಡು ಹೋಗುವವರಿಗೆ ಇದು ಸರಿ.

ಒಂದೇ ತುಂಡಿನ ರೋಲ್ ಬ್ಯಾಗ್. ಕೊಳವೆಯಂಥ ಚೀಲ, ಹಿಂದೆ ಪಟ್ಟಿಗಳು ಹೊಲಿದಿರುತ್ತವೆ, ನೇರವಾಗಿ ಹ್ಯಾಂಡಲ್‌ಗೆ ಬಿಗಿಯಬೇಕು. ಹಗುರ, ಬಿಡಿಭಾಗ ಕಡಿಮೆ. ಇಂಗ್ಲೆಂಡಿನ ಅಪಿಡ್ಯೂರಾ ಇದರಲ್ಲಿ ಹೆಸರು ಮಾಡಿದೆ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಸಿಗುವ ರೈನೋವಾಕ್‌ನಂಥ ಚೀನಾ ಬ್ಯಾಗ್‌ಗಳಲ್ಲೂ ಈ ಬಗೆ ಇದೆ. ತೊಂದರೆ ಏನೆಂದರೆ, ಪ್ರತಿ ಸಂಜೆ ಟೆಂಟ್ ಹಾಕುವಾಗ ಒಂದೋ ಇಡೀ ಬ್ಯಾಗ್ ಬಿಚ್ಚಬೇಕು, ಇಲ್ಲವೇ ಸೈಕಲ್ ಪಕ್ಕ ಬಗ್ಗಿ ನಿಂತು ಒಂದೊಂದೇ ಸಾಮಾನು ಎಳೆಯಬೇಕು. ಬೆಳಿಗ್ಗೆ ಮತ್ತೆ ಅದೇ.

ಹಾರ್ನೆಸ್. ಇದರಲ್ಲಿ ಎರಡು ಭಾಗ. ಹ್ಯಾಂಡಲ್‌ಗೆ ಯಾವಾಗಲೂ ಕಟ್ಟಿಯೇ ಇರುವ ಒಂದು ತೊಟ್ಟಿಲು, ಅದರೊಳಗೆ ಕೂರಿಸಿ ಬಿಗಿಯುವ ಬೇರೆಯೇ ಡ್ರೈ ಬ್ಯಾಗ್, ಅಂದರೆ ಬಾಯಿ ಸುತ್ತಿ ಮುಚ್ಚುವ, ನೀರು ಹೋಗದ ಚೀಲ. ಅಮೆರಿಕದ ರೆವೆಲೇಟ್, ಇಂಗ್ಲೆಂಡಿನ ರೀಸ್ಟ್ರ್ಯಾಪ್ ಇವೆಲ್ಲ ಮಾಡುವುದು ಇದನ್ನೇ.

ನಾಲ್ಕನೆಯದು ಬುಟ್ಟಿ ಅಥವಾ ಮುಂದಿನ ಕ್ಯಾರಿಯರ್. ಭಾರವನ್ನು ಹ್ಯಾಂಡಲ್ ಬದಲು ಫೋರ್ಕ್ ಹೊರುತ್ತದೆ. ಸೈಕಲ್ ಸ್ವಲ್ಪ ತೂಕ ಆಗುತ್ತದೆ, ನೋಡಲು ಹಾಲಿನವರ ಗಾಡಿಯಂತೆ ಕಾಣುತ್ತದೆ ಅಂತ ಕೆಲವರು ನಗುತ್ತಾರೆ. ನಗಲಿ. 5 ಕೆಜಿಗಿಂತ ಜಾಸ್ತಿ ಮುಂದೆ ಇಡಲೇಬೇಕು ಅನ್ನುವವರಿಗೆ ಇದೇ ದಾರಿ. ಕೊಳ್ಳುವ ಮೊದಲು ನಿಮ್ಮ ಫೋರ್ಕ್‌ನಲ್ಲಿ ಬೋಲ್ಟ್ ಹಾಕುವ ತೂತುಗಳಿವೆಯೇ ನೋಡಿ. ಸಸ್ಪೆನ್ಷನ್ ಫೋರ್ಕ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ನನ್ನನ್ನು ಕೇಳಿದರೆ ಟೆಂಟ್ ಹೊತ್ತು ಹೋಗುವವರಲ್ಲಿ ಹೆಚ್ಚಿನವರಿಗೆ ಹಾರ್ನೆಸ್ಸೇ ಸರಿ. ಸಂಜೆ ಎರಡು ಬಕಲ್ ಬಿಚ್ಚಿದರೆ ಡ್ರೈ ಬ್ಯಾಗ್ ಕೈಗೆ ಬರುತ್ತದೆ, ಟೆಂಟಿನೊಳಗೆ ಹೋಗಿ ಆರಾಮವಾಗಿ ಬಿಚ್ಚಬಹುದು. ಡ್ರೈ ಬ್ಯಾಗ್ ಹರಿದರೆ ಅದೊಂದನ್ನೇ ಬದಲಿಸಿದರೆ ಆಯಿತು. ಡೆಕಾತ್ಲಾನ್‌ನಂಥ ಅಂಗಡಿಯಲ್ಲಿ ಸಿಗುವ ಸಾದಾ ಡ್ರೈ ಬ್ಯಾಗ್ ನಡೆಯುತ್ತದೆ. ಇನ್ನೂ ಮುಖ್ಯವಾದದ್ದು, ಬೆಳಿಗ್ಗೆ ಟೆಂಟ್ ಇಬ್ಬನಿಗೋ ಮಳೆಗೋ ಒದ್ದೆಯಾಗಿದ್ದರೆ ಅದನ್ನು ಮಲಗುವ ಚೀಲದ ಜೊತೆ ತುಂಬಬೇಕಾಗಿಲ್ಲ. ಬೇರೆಯೇ ಸುತ್ತಿ ಡ್ರೈ ಬ್ಯಾಗಿನ ಹೊರಗೆ ಅದೇ ಹಾರ್ನೆಸ್ ಪಟ್ಟಿಗೆ ಸಿಕ್ಕಿಸಬಹುದು. ಮಲೆನಾಡಿನಲ್ಲಿ ಒಣ ಟೆಂಟ್ ಮಡಚುವ ಭಾಗ್ಯ ಎಲ್ಲ ದಿನ ಸಿಗುವುದಿಲ್ಲ.

ಹೊರದೇಶದ ಹಾರ್ನೆಸ್ ದುಬಾರಿ. ತರಿಸಿಕೊಳ್ಳುವ ಖರ್ಚು, ಸುಂಕ ಸೇರಿದರೆ ಹತ್ತು ಸಾವಿರ ರೂಪಾಯಿ ದಾಟುವುದು ಕಷ್ಟವಲ್ಲ. ಅದರ ಬದಲು ಆಟೋ ಸೀಟು, ರೆಕ್ಸಿನ್ ಹೊಲಿಯುವವರ ಹತ್ತಿರ ಹೋಗಿ. ದಪ್ಪ ರೆಕ್ಸಿನ್ ಅಥವಾ ಬ್ಯಾಗಿನ ನೈಲಾನ್ ಬಟ್ಟೆ, ಒಂದಿಂಚಿನ ಬೆಲ್ಟು, ನಾಲ್ಕು ಬಕಲ್, ಒಳಗೆ ಬಾಗದ ಹಾಗೆ ತೆಳು ಪ್ಲಾಸ್ಟಿಕ್ ಹಾಳೆ. ಚಿತ್ರ ತೋರಿಸಿ, ಅಳತೆ ಕೊಟ್ಟರೆ ಹೊಲಿದುಕೊಡುತ್ತಾರೆ. ಅವರ ಮಷೀನಿನ ಹೊಲಿಗೆ ಎಷ್ಟೋ ಅಗ್ಗದ ಆನ್‌ಲೈನ್ ಬ್ಯಾಗ್‌ಗಳ ಹೊಲಿಗೆಗಿಂತ ಗಟ್ಟಿ. ಪಟ್ಟಿ ಸೇರುವ ಕಡೆ ಚೌಕ ಹಾಕಿ ಅದರೊಳಗೆ ಅಡ್ಡ ಗೀಟಿನ ಹೊಲಿಗೆ ಹಾಕಿಸುವುದನ್ನು ಮರೆಯಬೇಡಿ.

ಕಟ್ಟುವ ಬಗೆ

ಬ್ಯಾಗ್ ಎಷ್ಟೇ ಚೆನ್ನಾಗಿರಲಿ, ಕಟ್ಟು ಸಡಿಲವಾದರೆ ಮುಗಿಯಿತು. ಇಲ್ಲಿ ನೋಡಬೇಕಾದದ್ದು ಇಷ್ಟು.

ಹ್ಯಾಂಡಲ್‌ಗೆ ಎರಡು ಪಟ್ಟಿ ಸಾಲದು. ಮೂರನೆಯದೊಂದು ಹೆಡ್ ಟ್ಯೂಬಿಗೋ (ಹ್ಯಾಂಡಲ್ ಕೆಳಗೆ ಫ್ರೇಮಿನ ಮುಂದಿರುವ ಗಿಡ್ಡ ಕೊಳವೆ) ಫೋರ್ಕ್‌ನ ಮೇಲ್ಭಾಗಕ್ಕೋ ಸುತ್ತಿ ಬರಬೇಕು. ಬ್ಯಾಗ್ ಮೇಲೆ ಕೆಳಗೆ ಕುಣಿಯದ ಹಾಗೆ ಹಿಡಿಯುವುದು ಅದೇ. ಬರೀ ವೆಲ್ಕ್ರೋ ಪಟ್ಟಿ ಇರುವ ಬ್ಯಾಗ್ ಕ್ಯಾಂಪಿಂಗ್‌ಗೆ ಬೇಡ. ಧೂಳು, ಕೆಸರು ಸೇರಿದರೆ ವೆಲ್ಕ್ರೋ ಹಿಡಿತ ಬಿಡುತ್ತದೆ. ಬಕಲ್ ಇರಬೇಕು, ಇಲ್ಲವೇ ವಾಯ್ಲ್ ಪಟ್ಟಿಯಂಥ ರಬ್ಬರಿನ ಹಾಗೆ ಎಳೆಯುವ ತೂತಿನ ಪಟ್ಟಿ.

ಪಟ್ಟಿಗೂ ಹ್ಯಾಂಡಲ್‌ಗೂ ನಡುವೆ ಫೋಮ್ ತುಂಡುಗಳು ಬರುತ್ತವೆಯೇ ನೋಡಿ. ಅವು ಬ್ಯಾಗನ್ನು ಸ್ವಲ್ಪ ಮುಂದೆ ತಳ್ಳಿ ಕೇಬಲ್‌ಗಳಿಗೆ ಉಸಿರಾಡಲು ಜಾಗ ಕೊಡುತ್ತವೆ. ಬರದಿದ್ದರೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಹಾಕಿ. ಹೆಡ್ ಟ್ಯೂಬಿಗೆ ಪಟ್ಟಿ ಉಜ್ಜುವ ಕಡೆ ಟ್ಯೂಬ್ ತುಂಡು ಸುತ್ತದಿದ್ದರೆ ಬಣ್ಣ ಹೋಗುತ್ತದೆ. ಕಾರ್ಬನ್ ಹ್ಯಾಂಡಲ್ ಇರುವವರು ಬೋಲ್ಟ್ ಹಾಕಿ ಬಿಗಿಯುವ ಗಟ್ಟಿ ಕ್ಲಾಂಪ್ ತಪ್ಪಿಸಿ, ತಯಾರಕರು ನಡೆಯುತ್ತದೆ ಅಂತ ಹೇಳಿದ್ದರೆ ಮಾತ್ರ ಹಾಕಿ.

ಹೆಡ್‌ಲೈಟ್ ಅನ್ನು ಬಹಳ ಜನ ಮರೆಯುತ್ತಾರೆ. ಬ್ಯಾಗ್ ಕೂರಿಸಿದ ಮೇಲೆ ಲೈಟಿನ ಬೆಳಕು ರಸ್ತೆಗೆ ಬೀಳದೆ ಬ್ಯಾಗಿನ ಮೇಲೆ ಬೀಳುತ್ತದೆ. ಮುಂಜಾನೆ ನಾಲ್ಕೂವರೆಗೆ ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ಇದು ಗೊತ್ತಾಗುವುದಕ್ಕಿಂತ ಹಿಂದಿನ ರಾತ್ರಿ ಗೊತ್ತಾದರೆ ಒಳ್ಳೆಯದು. ಹ್ಯಾಂಡಲ್ ಹಿಡಿದಿರುವ ಸ್ಟೆಮ್‌ನಿಂದ ಮುಂದಕ್ಕೆ ಚಾಚುವ ಮೌಂಟ್‌ನ ಕೆಳಗೆ ಲೈಟ್ ನೇತುಹಾಕಬಹುದು, ಇಲ್ಲವೇ ಫೋರ್ಕ್‌ನ ಕಾಲಿಗೆ ಕಟ್ಟಬಹುದು. ಬ್ಯಾಗಿನ ಬಟ್ಟೆಗೆ ಸಿಕ್ಕಿಸಿದ ಲೈಟ್ ಕುಣಿಯುತ್ತಲೇ ಇರುತ್ತದೆ.

ಬಟ್ಟೆ ಮತ್ತು ಮಳೆ

ವಾಟರ್‌ಪ್ರೂಫ್ ಅಂತ ಬರೆದಿರುವುದನ್ನೆಲ್ಲ ನಂಬಬೇಡಿ. ಬಟ್ಟೆ ನೀರು ತಡೆಯಬಹುದು, ಹೊಲಿಗೆಯ ತೂತು ತಡೆಯುವುದಿಲ್ಲ. ಒಳಗೆ ಕೈಹಾಕಿ ನೋಡಿ. ಅಂಚುಗಳು ಬಿಸಿಯಲ್ಲಿ ಬೆಸೆದಿದ್ದರೆ ಒಳ್ಳೆಯದು. ದಾರ ಕಾಣುತ್ತಿದ್ದು ಮೇಲೆ ಟೇಪ್ ಅಂಟಿಸಿಲ್ಲದಿದ್ದರೆ ನೀರು ಬರುತ್ತದೆ. ಜಿಪ್ ಇದ್ದರಂತೂ ಬಂದೇ ಬರುತ್ತದೆ. ನೀರು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಐಪಿಎಕ್ಸ್ ಲೆಕ್ಕ ಇದೆ. ಐಪಿಎಕ್ಸ್4 ಅಂದರೆ ಚಿಮುಕುವ ನೀರಿಗೆ ಸಾಕು, ಐಪಿಎಕ್ಸ್6 ಅಂದರೆ ಜೋರಾಗಿ ಬಡಿಯುವ ನೀರನ್ನೂ ತಡೆಯಬೇಕು. ವರ್ಷಕ್ಕೆ 7,000 ಮಿ.ಮೀ. ಆಚೀಚೆ ಮಳೆ ಸುರಿಯುವ ಆಗುಂಬೆಯ ಕಡೆ ಜುಲೈನಲ್ಲಿ ಹೊರಟವರಿಗೆ ಎರಡನೆಯದೇ ಬೇಕು.

ಸುತ್ತಿ ಮುಚ್ಚುವ ಬಾಯಿ ಕನಿಷ್ಠ ಮೂರು ಸುತ್ತು ಬರಬೇಕು. ಎರಡೂ ಕಡೆ ಬಾಯಿ ಇರುವ ಚೀಲದಲ್ಲಿ ಸಾಮಾನು ನಡುವೆ ಬರುವ ಹಾಗೆ ತುಂಬುವುದು ಸುಲಭ, ಎಡ ಬಲ ತೂಕ ಸಮ ಇರುತ್ತದೆ. ಒಂದೇ ಕಡೆ ಬಾಯಿ ಇದ್ದರೆ ಅಗ್ಗ, ನೀರು ನುಗ್ಗುವ ದಾರಿಯೂ ಒಂದೇ.

ಬಟ್ಟೆಯ ದಪ್ಪಕ್ಕೆ ಡೀನಿಯರ್ ಲೆಕ್ಕ ಇದೆ. 420ರ ಆಸುಪಾಸು ಹಗುರ, 1000 ಗಟ್ಟಿ ಮತ್ತು ತೂಕ. ಲಂಟಾನ ಪೊದೆ ನುಗ್ಗುವ ಕಾಡುದಾರಿ ಇಷ್ಟಪಡುವವರು ದಪ್ಪದ್ದೇ ತೆಗೆದುಕೊಳ್ಳಿ. ಇನ್ನು ಯಾವ ಬ್ಯಾಗ್ ಇದ್ದರೂ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ. ಮಲೆನಾಡಿನ ಜನ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡು ಮಳೆಯಲ್ಲಿ ನಾಟಿ ಮಾಡುತ್ತಾರೆ. ಆ ಚೀಲದ ಒಳಪದರ ತೊಳೆದು ಒಣಗಿಸಿದರೆ ಮಲಗುವ ಚೀಲಕ್ಕೂ ಸಾಕು.

ತುಂಬುವುದು, ಕಟ್ಟುವುದು, ಓಡಿಸಿ ನೋಡುವುದು

ಮೊದಲು ಮಲಗುವ ಚೀಲ ಹಾಕಿ, ನಡುವೆ ಮ್ಯಾಟ್, ಉಳಿದ ಸಂದಿಗಳಿಗೆ ಬಟ್ಟೆ. ಮೇಲೆ ಮೊಣಕಾಲಿಟ್ಟು ಗಾಳಿ ಪೂರ್ತಿ ತೆಗೆದು ಆಮೇಲೆ ಬಾಯಿ ಸುತ್ತಿ. ಚೀಲ ಒನಕೆಯಂತೆ ಬಿಗಿಯಾಗಿರಬೇಕು. ಅರ್ಧ ತುಂಬಿದ ಮೆತ್ತನೆಯ ಚೀಲ ನಡುವೆ ಜೋತು ಬಿದ್ದು ಟೈರಿಗೆ ತಾಕುತ್ತದೆ. ಹಾಗಾಗಿ ಬೇಕಾದದ್ದಕ್ಕಿಂತ ದೊಡ್ಡ ಬ್ಯಾಗ್ ಕೊಳ್ಳುವುದು ಲಾಭವಲ್ಲ.

ತಿಂಡಿಯನ್ನು ಮುಂದಿನ ಚಿಕ್ಕ ಪಾಕೆಟ್‌ನಲ್ಲಿ ಇಡುವವರಿಗೆ ಒಂದು ಮಾತು. ಘಾಟಿಯ ತಿರುವುಗಳಲ್ಲಿ ಕೋತಿಗಳು ಕಾದಿರುತ್ತವೆ. ಫೋಟೋ ತೆಗೆಯಲು ಸೈಕಲ್ ನಿಲ್ಲಿಸಿ ನಾಲ್ಕು ಹೆಜ್ಜೆ ಆಚೆ ಹೋದರೆ ಬಾಳೆಹಣ್ಣಿನ ಜೊತೆ ಜಿಪ್ಪೂ ಹೋಗುತ್ತದೆ. ಸಕಲೇಶಪುರದ ಸುತ್ತ ಆನೆ ಓಡಾಡುವ ಜಾಗಗಳಿವೆ. ಕಾಡಿನಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ, ಹಾಕಲೂಬಾರದು. ಹೋಂಸ್ಟೇ ಅಂಗಳವನ್ನೋ ತೋಟದ ಮನೆಯನ್ನೋ ಕೇಳಿ, ತಿನ್ನುವ ಸಾಮಾನನ್ನು ರಾತ್ರಿ ಮನೆಯೊಳಗೆ ಕೊಡಿ.

ಹೊರಡುವ ಹಿಂದಿನ ವಾರ ಪೂರ್ತಿ ಭಾರ ಹಾಕಿ ಒಂದು ಬೆಳಿಗ್ಗೆ ಓಡಿಸಿ. ಬೆಂಗಳೂರಿನವರಿಗೆ ನಂದಿ ಬೆಟ್ಟ ಸರಿಯಾದ ಜಾಗ. ಏರಿನಲ್ಲಿ ಕೂತು ತುಳಿಯಿರಿ, ನಿಂತು ತುಳಿಯಿರಿ. ಇಳಿಯುವಾಗ ಒಂದು ಕೈ ಬಿಡಬೇಡಿ, ಆದರೆ ಹ್ಯಾಂಡಲ್ ನಡುಗುತ್ತದೆಯೇ ಗಮನಿಸಿ. ನಡುಗಿದರೆ ತೂಕ ಕಡಿಮೆ ಮಾಡಿ, ಬ್ಯಾಗನ್ನು ಹ್ಯಾಂಡಲ್‌ಗೆ ಇನ್ನಷ್ಟು ಹತ್ತಿರ ಎಳೆದು ಕಟ್ಟಿ. ಎರಡೂ ಬ್ರೇಕ್ ಪೂರ್ತಿ ಹಿಡಿಯುತ್ತಿವೆಯೇ, ಎಲ್ಲ ಗೇರ್ ಬೀಳುತ್ತಿವೆಯೇ ನೋಡಿ.

ಪ್ರವಾಸದ ಮೊದಲ ದಿನ ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ಎಳೆಯಿರಿ. ಒಳಗಿನ ಬಟ್ಟೆ ಕುಳಿತು ಚೀಲ ಸಣ್ಣಗಾಗಿರುತ್ತದೆ, ಪಟ್ಟಿ ಸಡಿಲ ಆಗಿಯೇ ಆಗಿರುತ್ತದೆ. ಪಟ್ಟಿಯ ಉಳಿದ ಬಾಲವನ್ನು ಸುತ್ತಿ ಒಳಗೆ ಸಿಕ್ಕಿಸಿ. ನೇತಾಡಲು ಬಿಟ್ಟರೆ ಅದು ಹೋಗಿ ಸಿಕ್ಕಿಕೊಳ್ಳುವುದು ಚಕ್ರದ ಕಡ್ಡಿಗಳಲ್ಲೇ.